ನೋಟ ಪರರಿಚ್ಛೆ



‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕೇಳದ ಕನ್ನಡದ ಮನೆಯಿಲ್ಲ. ಉಣ್ಣುವುದು ನಮ್ಮ ಹಸಿವಿಗೆ ಸೇರಿದ್ದು. ಉಡುವುದು ಮಾತ್ರ ನಮ್ಮನ್ನು ನೋಡುವವರಿಗೂ ಸೇರಿದ್ದು ಎಂಬುದನ್ನು ಹಿರಿಯರು ನಾಲ್ಕೇ ಪದಗಳಲ್ಲಿ ಹೇಳಿಟ್ಟರು. ಈ ತಿಂಗಳು ಇದೇ ಗಾದೆಯನ್ನು ಹಿಡಿದು ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ನಿವೇದಿಸುತ್ತೇವೆ.

ಹಿಂದಿನ ತಿಂಗಳು ಹೊಲಿಗೆಯ ವೃತ್ತಿಯವರೊಬ್ಬರು ಪತ್ನಿ ಹಾಗೂ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಮಗಳು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿದ್ದಾಳೆ. ಕಂಪ್ಯೂಟರ್ ಇಂಜಿನಿಯರಿಂಗ್ ಓದಲು ಸೀಟು ದೊರೆತಿದೆ. ಆದರೆ ಅವಳ ಮನಸ್ಸು ವಸ್ತ್ರವಿನ್ಯಾಸದ ಕಡೆಗಿದೆ. ತಂದೆಯವರ ಕಣ್ಣಲ್ಲಿ ನೀರಿತ್ತು. “ಗುರುಗಳ, ನಮ್ಮಪ್ಪ ಮಶೀನ್ ತುಳದ, ನಾನೂ ತುಳದೆ. ಕಾಲ್ನೋವು ಅಂದ್ರ ಏನಂತ ನಮಗ ಗೊತ್ತೈತ್ರಿ. ಇಂಥಾ ಸೀಟ್ ಸಿಕ್ರೂ ಈಕಿ ಮತ್ತ ಬಟ್ಟೀಗೇ ಬರ್ತೀನಿ ಅಂತಾಳ, ನೀವರ ಒಂದ್ ಮಾತು ಹೇಳ್ರಿ” ಎಂದರು. ಅಷ್ಟು ಹೊತ್ತು ತಲೆ ತಗ್ಗಿಸಿ ಕುಳಿತಿದ್ದ ಮಗಳು ಆಗ ಮೆಲ್ಲಗೆ ಕೇಳಿದಳು: “ಎರಡನ್ನೂ ಕೂಡಿಸಿ ಕಲಿಯಾಕ ಬರೂದಿಲ್ಲೇನ್ರಿ, ಅಜ್ಜಾರ?”

ಆ ಪ್ರಶ್ನೆಗೆ ಆಗಲೇ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ವ್ಯಾಕರಣ, ತರ್ಕಗಳನ್ನು ಕಲಿತು ಬೆಳೆದ ನಮಗೆ ಕಂಪ್ಯೂಟರಾಗಲಿ ಫ್ಯಾಷನ್ನಾಗಲಿ ಪರಿಚಿತ ಶಾಸ್ತ್ರಗಳಲ್ಲ. ಬಲ್ಲವರನ್ನು ಕೇಳಿದೆವು, ದೊರೆತದ್ದನ್ನು ಓದಿದೆವು. ಹಾಗೆ ಓದುವಾಗ ಕೆನಡಾ ದೇಶದ ಒಬ್ಬ ಪ್ರಾಧ್ಯಾಪಕರ ಜೀವನ ನಮ್ಮ ಗಮನವನ್ನು ಸೆಳೆಯಿತು. ಅವರ ಹೆಸರು ಸ್ಟೀವ್ ಮ್ಯಾನ್. ಮೈಮೇಲೆ ಧರಿಸುವ ಕಂಪ್ಯೂಟರಿನ ಜನಕರೆಂದು ಅನೇಕರು ಅವರನ್ನು ಕರೆಯುತ್ತಾರೆ. ಉಡುಗೆ ಮತ್ತು ಯಂತ್ರ ಎಂಬ ಎರಡು ದಾರಿಗಳು ಅವರ ಬಾಳಿನಲ್ಲಿ ಹೇಗೆ ಕೂಡಿದವು, ಕೂಡಿದ ಮೇಲೆ ಎಲ್ಲಿ ಮುಗ್ಗರಿಸಿದವು ಎಂಬುದೇ ಆ ಹುಡುಗಿಗೆ ನಾವು ಕೊಡಬಹುದಾದ ಉತ್ತರವೆನಿಸಿತು.

ಮೊದಲು ವಿಷಯವೇನೆಂಬುದನ್ನು ತಿಳಿಯೋಣ. ಆಗ್ಮೆಂಟೆಡ್ ರಿಯಾಲಿಟಿ ಎಂಬ ಮಾತನ್ನು ಮಕ್ಕಳ ಬಾಯಲ್ಲಿ ಈಗ ಕೇಳುತ್ತೇವೆ. ವರ್ಧಿತ ವಾಸ್ತವ ಎಂದು ಕನ್ನಡದಲ್ಲಿ ಹೇಳುವವರಿದ್ದಾರೆ. ಕಣ್ಣೆದುರಿನ ನಿಜವಾದ ದೃಶ್ಯದ ಮೇಲೆಯೇ ಕಂಪ್ಯೂಟರು ಬರೆದ ಚಿತ್ರವನ್ನೋ ಅಕ್ಷರವನ್ನೋ ಕೂಡಿಸಿ ತೋರಿಸುವ ವಿದ್ಯೆಯಿದು. ಅಂಗಡಿಗೆ ಹೋಗದೆ ಮೊಬೈಲಿನಲ್ಲಿ ತಮ್ಮ ಮುಖಕ್ಕೆ ಕನ್ನಡಕದ ಚೌಕಟ್ಟನ್ನು ಹೊಂದಿಸಿ ನೋಡುತ್ತಾರಲ್ಲ, ಅದು ಇದರ ಒಂದು ಸಣ್ಣ ರೂಪ. ರೊನಾಲ್ಡ್ ಅಜುಮಾ ಎಂಬ ವಿದ್ವಾಂಸರು 1997ರಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿದರು. ನಿಜವೂ ಕಲ್ಪಿತವೂ ಒಂದಾಗಿ ಕಾಣಬೇಕು. ನಾವು ಅಲುಗಿದರೆ ಅದೂ ಆ ಕ್ಷಣದಲ್ಲೇ ಸ್ಪಂದಿಸಬೇಕು. ಕಲ್ಪಿತ ವಸ್ತು ನಿಜವಾದ ಜಾಗದಲ್ಲಿ ಉದ್ದ, ಅಗಲ, ಆಳಗಳಿಗೆ ಸರಿಯಾಗಿ ಕೂರಬೇಕು.

ಇದಕ್ಕೆ ಅಡಿಪಾಯ ಹಾಕಿದವರು ಅಮೆರಿಕದ ಐವಾನ್ ಸದರ್ಲ್ಯಾಂಡ್. ತಲೆಗೆ ಧರಿಸಿ ನೋಡುವ ಯಂತ್ರವೊಂದನ್ನು ಅವರು 1968ರಲ್ಲಿ ಲೋಕಕ್ಕೆ ಪರಿಚಯಿಸಿದರು. ಆ ಯಂತ್ರದ ಜೋಡಣೆಯನ್ನು ಚಾವಣಿಗೆ ಬಿಗಿದು, ಅದರ ಕೆಳಗೆ ನಿಂತು ನೋಡಬೇಕಾಗಿತ್ತು. ಮುಂದೆ 1992ರಲ್ಲಿ ಬೋಯಿಂಗ್ ವಿಮಾನ ಸಂಸ್ಥೆಯ ಥಾಮಸ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಎಂಬಿಬ್ಬರು, ವಿಮಾನದೊಳಗಿನ ತಂತಿಗಳ ಜೋಡಣೆಯಲ್ಲಿ ಕೆಲಸಗಾರರಿಗೆ ನೆರವಾಗಲು ಇಂಥ ಕನ್ನಡಕವನ್ನು ಯೋಚಿಸಿ ಬರೆದ ಪ್ರಬಂಧದಲ್ಲಿ ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರನ್ನು ಬಳಸಿದರು. ಇವೆಲ್ಲವೂ ಪ್ರಯೋಗಶಾಲೆಯ ಮತ್ತು ಕಾರ್ಖಾನೆಯ ಮಾತು. ಬೀದಿಯಲ್ಲಿ, ನಾಲ್ಕು ಜನರ ನಡುವೆ, ಇದನ್ನು ಧರಿಸಿ ನಡೆಯಬೇಕೆಂಬ ಹಟ ಹಿಡಿದವರು ಸ್ಟೀವ್ ಮ್ಯಾನ್.

ಅವರು 1962ರಲ್ಲಿ ಕೆನಡಾದ ಹ್ಯಾಮಿಲ್ಟನ್ ಎಂಬ ಉಕ್ಕಿನ ಕಾರ್ಖಾನೆಗಳ ನಗರದಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಅವರ ತಾತನವರು ಅವರಿಗೆ ವೆಲ್ಡಿಂಗ್ ಕಲಿಸಿದರು. ವೆಲ್ಡಿಂಗ್ ಮಾಡುವವರು ಮುಖಕ್ಕೆ ಕಪ್ಪು ಗಾಜಿನ ಮುಸುಕನ್ನು ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಗಾಜು ಕಣ್ಣನ್ನು ಕಾಪಾಡುತ್ತದೆ. ಆದರೆ ಅದರ ಮೂಲಕ ಬೆಂಕಿಯ ಒಂದು ಚುಕ್ಕೆಯ ಹೊರತು ಬೇರೇನೂ ಕಾಣುವುದಿಲ್ಲ. ತಾನು ಬೆಸೆಯುತ್ತಿರುವ ಕಬ್ಬಿಣ ಎಲ್ಲಿದೆ, ಕೈ ಎಲ್ಲಿದೆ ಎಂಬುದೆಲ್ಲ ಕತ್ತಲು. ಕಣ್ಣು ಕುಕ್ಕುವ ಬೆಳಕನ್ನು ತಗ್ಗಿಸಿ, ಅದೇ ಹೊತ್ತಿಗೆ ಕತ್ತಲೆಯ ಭಾಗವನ್ನು ಬೆಳಗಿ ತೋರಿಸುವ ಗಾಜೊಂದು ಇರಬಾರದೇ ಎಂಬ ಯೋಚನೆ ಆ ಬಾಲಕನಲ್ಲಿ ಹುಟ್ಟಿತು. ಅವರ ಮುಂದಿನ ಸಂಶೋಧನೆಯ ಬೇರು ಆ ವೆಲ್ಡಿಂಗಿನ ಮನೆಯಲ್ಲಿದೆ.

ಈ ಯೋಚನೆಯ ಒಂದು ಫಲವನ್ನು ಇಂದು ನಾವೆಲ್ಲ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇವೆ. ಒಂದೇ ದೃಶ್ಯವನ್ನು ಕಡಿಮೆ ಬೆಳಕಿನಲ್ಲೊಮ್ಮೆ, ಹೆಚ್ಚು ಬೆಳಕಿನಲ್ಲೊಮ್ಮೆ ಹೀಗೆ ಹಲವು ಬಾರಿ ತೆಗೆದು, ಪ್ರತಿಯೊಂದರಲ್ಲಿ ಚೆನ್ನಾಗಿ ಮೂಡಿದ ಭಾಗಗಳನ್ನು ಲೆಕ್ಕಹಾಕಿ ಒಂದೇ ಚಿತ್ರವಾಗಿ ಕೂಡಿಸುವ ವಿಧಾನವನ್ನು ಅವರು ರೊಸಲಿಂಡ್ ಪಿಕಾರ್ಡ್ ಎಂಬ ವಿದುಷಿಯೊಂದಿಗೆ 1995ರಲ್ಲಿ ಪ್ರಕಟಿಸಿದರು. ಮೊಬೈಲಿನ ಕ್ಯಾಮೆರಾದಲ್ಲಿ ಎಚ್.ಡಿ.ಆರ್. ಎಂದು ಬರೆದಿರುವುದು ಈ ಬಗೆಯ ವಿದ್ಯೆಯೇ. ಬಾಗಿಲಲ್ಲಿ ನಿಂತವರ ಮುಖವೂ ಹಿಂದಿನ ಬಿಸಿಲಿನ ಅಂಗಳವೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿದ್ದನ್ನು ಕಂಡಾಗ ಇದನ್ನು ನೆನೆಯಬಹುದು.

ಯೌವನದಲ್ಲಿ ಮ್ಯಾನ್ ಅವರಿಗೆ ಛಾಯಾಗ್ರಹಣದ ಗೀಳು. ಕತ್ತಲೆಯಲ್ಲಿ ಕ್ಯಾಮೆರಾ ತೆರೆದಿಟ್ಟು, ಕೈಯಲ್ಲಿ ದೀಪ ಹಿಡಿದು ಓಡಾಡುತ್ತ, ದೃಶ್ಯಕ್ಕೆ ಬೆಳಕಿನಿಂದಲೇ ಬಣ್ಣ ಬಳಿದಂತೆ ಚಿತ್ರ ತೆಗೆಯುತ್ತಿದ್ದರು. ಈ ಕೆಲಸಕ್ಕೆ ನೆರವಾಗಲೆಂದು ಅವರು ಕಂಪ್ಯೂಟರನ್ನು ಬೆನ್ನಿಗೇರಿಸಿಕೊಂಡರು. ಸುಮಾರು 1980ರ ಅವರ ಭಾವಚಿತ್ರವನ್ನು ನೋಡಿದರೆ ನಗುವೂ ಬರುತ್ತದೆ, ಗೌರವವೂ ಮೂಡುತ್ತದೆ. ತಲೆಗೆ ದೊಡ್ಡ ಶಿರಸ್ತ್ರಾಣ, ಅದರಿಂದ ಹೊರಟ ಆಂಟೆನಾ ಕಡ್ಡಿಗಳು, ಕಣ್ಣಿನ ಮುಂದೆ ಪುಟ್ಟ ಟೆಲಿವಿಷನ್ ಕೊಳವೆ, ಬೆನ್ನ ಮೇಲೆ ಯಂತ್ರ ಹಾಗೂ ಬ್ಯಾಟರಿಗಳ ಭಾರ.

ಇಲ್ಲಿಂದಲೇ ನಮ್ಮ ಗಾದೆ ತನ್ನ ಕೆಲಸವನ್ನು ಆರಂಭಿಸುತ್ತದೆ. ಇಂಜಿನಿಯರರು ಯಂತ್ರವೊಂದನ್ನು ಕಟ್ಟುವಾಗ ಅದರ ತೂಕ, ಕಾವು, ವೇಗ, ವಿದ್ಯುತ್ತಿನ ಖರ್ಚು ಇವನ್ನೆಲ್ಲ ಲೆಕ್ಕ ಹಾಕುತ್ತಾರೆ. ಎದುರಿಗೆ ಬರುವ ಮನುಷ್ಯನ ಮುಖಭಾವವನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯುವುದಿಲ್ಲ. ಆದರೆ ಮೇಜಿನ ಮೇಲಿರುವಾಗ ಯಂತ್ರವಾಗಿದ್ದುದು ಮೈಮೇಲೆ ಬಂದ ಕೂಡಲೇ ಉಡುಗೆಯಾಗುತ್ತದೆ. ಉಡುಗೆಯಾದ ಮೇಲೆ ಅದರ ಗುಣದೋಷಗಳನ್ನು ನಿರ್ಣಯಿಸುವವರು ಉಟ್ಟವರಷ್ಟೇ ಅಲ್ಲ, ನೋಡುವವರೂ ಹೌದು. ತಮ್ಮ ವಿಚಿತ್ರ ವೇಷ ಜನರನ್ನು ದೂರ ಸರಿಸುತ್ತಿದ್ದುದನ್ನು ಮ್ಯಾನ್ ಅವರೇ ಬರೆದುಕೊಂಡಿದ್ದಾರೆ.

ಹ್ಯಾಮಿಲ್ಟನ್ನಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಅವರು ತೊಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಮೀಡಿಯಾ ಲ್ಯಾಬ್ ಸೇರಿದರು. ತಮ್ಮ ಕಣ್ಣು ಕಂಡುದನ್ನು 1994ರಿಂದ ಕೆಲವು ಕಾಲ ನಿಸ್ತಂತುವಾಗಿ ಅಂತರ್ಜಾಲಕ್ಕೆ ಕಳುಹಿಸುತ್ತ ನಡೆದರು. ಅಷ್ಟರಲ್ಲಿ ಅವರ ಚಿಂತನೆಯ ದಿಕ್ಕು ಬಟ್ಟೆಯ ಕಡೆಗೆ ತಿರುಗಿತ್ತು. ಅವರು 1996ರಲ್ಲಿ ಬರೆದ ಪ್ರಬಂಧದ ವಿಷಯವೇ ಸ್ಮಾರ್ಟ್ ಕ್ಲೋದಿಂಗ್, ಅಂದರೆ ಜಾಣ ಉಡುಪು. ಕಂಪ್ಯೂಟರು ಎತ್ತಿ ಒಯ್ಯುವ ಪೆಟ್ಟಿಗೆಯಾಗಿ ಉಳಿಯದೆ ತೊಡುವ ಅಂಗಿಯಂತಾಗಬೇಕು, ಸದಾ ಮೈಮೇಲಿದ್ದು ಕೈಗಳನ್ನು ಬಿಡುವಾಗಿಡಬೇಕು ಎಂಬುದು ಅವರ ವಾದ. ಯಂತ್ರದ ಭಾಗಗಳನ್ನು ಹೊರಗೆ ತೋರದಂತೆ ಒಳಅಂಗಿಯಲ್ಲಿ ಹುದುಗಿಸಿದರು. ಆ ದಶಕದ ಕೊನೆಯ ಹೊತ್ತಿಗೆ ಅವರ ಶಿರಸ್ತ್ರಾಣ ಕರಗುತ್ತ ಕರಗುತ್ತ ಸಾಮಾನ್ಯ ತಂಪು ಕನ್ನಡಕದ ರೂಪಕ್ಕೆ ಬಂದಿತ್ತು. ಸುಮಾರು 20 ವರ್ಷಗಳ ದುಡಿಮೆ ಅದು. ಎದುರಿನವರಿಗೆ ಮುಜುಗರವಾಗದಂತೆ ನಿಲ್ಲುವುದಕ್ಕೂ ಇಷ್ಟು ವರ್ಷ ಬೇಕಾಯಿತು.

ಅವರಿಗೆ ಡಾಕ್ಟರೇಟ್ ಪದವಿ ದೊರೆತ 1997ನೆಯ ವರ್ಷ ಈ ವಿದ್ಯೆಗೆ ಒಂದು ಸಂಗಮದ ವರ್ಷ. ಧರಿಸುವ ಕಂಪ್ಯೂಟರುಗಳನ್ನು ಕುರಿತ ಮೊದಲ ಅಂತರರಾಷ್ಟ್ರೀಯ ವಿದ್ವತ್ ಗೋಷ್ಠಿ ಆ ಅಕ್ಟೋಬರಿನಲ್ಲಿ ಕೇಂಬ್ರಿಜ್ ನಗರದಲ್ಲಿ ನಡೆಯಿತು. ಅದೇ ಸಮಯದಲ್ಲಿ ಎಂ.ಐ.ಟಿ.ಯಲ್ಲಿ ಒಂದು ಫ್ಯಾಷನ್ ಪ್ರದರ್ಶನವೂ ಏರ್ಪಾಟಾಗಿತ್ತು. ಪ್ಯಾರಿಸ್, ಟೋಕಿಯೊ, ಮಿಲಾನ್, ನ್ಯೂಯಾರ್ಕ್ ನಗರಗಳ ವಿನ್ಯಾಸ ಶಾಲೆಗಳ ವಿದ್ಯಾರ್ಥಿಗಳು ಕಂಪ್ಯೂಟರ್ ಸೇರಿದ ಉಡುಪುಗಳನ್ನು ಕಲ್ಪಿಸಿ ತೋರಿಸಿದರು. ಬೆಸುಗೆ ಹಾಕುವವರೂ ಹೊಲಿಯುವವರೂ ಒಂದೇ ಅಂಗಳದಲ್ಲಿ ನಿಂತ ದಿನಗಳು ಅವು.

ಆ ಪ್ರಯೋಗಶಾಲೆಯಲ್ಲಿಯೇ ಇದ್ದ ಮ್ಯಾಗಿ ಆರ್ಥ್ ಎಂಬ ವಿದುಷಿಯ ಕೆಲಸವನ್ನು ಇಲ್ಲಿ ಹೇಳಲೇಬೇಕು. ಅವರು ಮೊದಲು ಚಿತ್ರಕಲೆ ಕಲಿತವರು. ರೆಹ್ಮಿ ಪೋಸ್ಟ್ ಎಂಬವರೊಂದಿಗೆ ಸೇರಿ, ಬಟ್ಟೆಯೇ ವಿದ್ಯುತ್ ತಂತಿಯಾಗಬಲ್ಲುದೇ ಎಂದು ಹುಡುಕಿ 1997ರಲ್ಲಿ ಪ್ರಬಂಧ ಬರೆದರು. ಅವರು ಆರಿಸಿಕೊಂಡ ಬಟ್ಟೆಗಳಲ್ಲೊಂದು, ರೇಷ್ಮೆ ಎಳೆಗೆ ತೆಳುವಾದ ಲೋಹದ ಪಟ್ಟಿಯನ್ನು ಸುತ್ತಿ ನೇಯ್ದ ಆರ್ಗಂಜಾ. ನಮ್ಮ ತಾಯಂದಿರಿಗೆ ಇದು ಹೊಸತೇ? ರೇಷ್ಮೆಯ ನೂಲಿಗೆ ಬೆಳ್ಳಿಯ ಎಳೆಯನ್ನು ಸುತ್ತಿದರೆ ಅದೇ ನಮ್ಮ ಜರಿ. ಮದುವೆಯ ಸೀರೆಯ ಸೆರಗಿನಲ್ಲಿ ಹೊಳೆಯುವ ನಿಜಜರಿಯಲ್ಲಿ ವಿದ್ಯುತ್ತು ಹರಿಯಬಲ್ಲುದು. ಆರ್ಥ್ ಮತ್ತು ಸಂಗಡಿಗರು ವಿದ್ಯುತ್ ಹರಿಯುವ ದಾರದಿಂದ ಜೀನ್ಸ್ ಬಟ್ಟೆಯ ಜಾಕೆಟ್ಟಿನ ಮೇಲೆ ಕಸೂತಿ ಹಾಕಿ, ಕಸೂತಿಯನ್ನು ಮುಟ್ಟಿದರೆ ಸ್ವರ ಹೊರಡುವಂತೆ ಮಾಡಿದರು.

ಇನ್ನೂ ಹಿಂದಕ್ಕೆ ಹೋದರೆ ಮಗ್ಗಕ್ಕೂ ಕಂಪ್ಯೂಟರಿಗೂ ಹಳೆಯ ನಂಟೇ ಇದೆ. ನಮ್ಮ ನೇಕಾರರ ಕೇರಿಗಳಲ್ಲಿ ಮಗ್ಗದ ಮೇಲೆ ಇಂದಿಗೂ ಕಾಣುವ ಜಕಾರ್ಡ್ ಎಂಬ ಸಾಧನ, ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ರೂಪಿಸಿದ್ದು. ರಂಧ್ರ ಕೊರೆದ ರಟ್ಟುಗಳು ಯಾವ ಎಳೆ ಏಳಬೇಕು, ಯಾವುದು ಇಳಿದಿರಬೇಕು ಎಂದು ಮಗ್ಗಕ್ಕೆ ಆಜ್ಞೆ ಕೊಡುತ್ತವೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಮ್ಮ ಗಣಕಯಂತ್ರದ ಯೋಜನೆಗೆ ಈ ರಟ್ಟುಗಳ ಉಪಾಯವನ್ನೇ ತೆಗೆದುಕೊಂಡರು. ಆದಕಾರಣ ಬಟ್ಟೆಯ ವಿದ್ಯೆಯನ್ನು ಕಂಪ್ಯೂಟರಿನ ವಿದ್ಯೆಗಿಂತ ಕೀಳೆಂದು ತಿಳಿಯುವುದು ಇತಿಹಾಸವನ್ನು ಮರೆತ ಮಾತಾಗುತ್ತದೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಫ್ರಾನ್ಸೀನ್ ಜೆಂಪರ್ಲ್ ಮತ್ತು ಸಂಗಡಿಗರು 1998ರಲ್ಲಿ ಧರಿಸುವ ಯಂತ್ರಗಳಿಗೆ 13 ಸೂತ್ರಗಳನ್ನು ಬರೆದರು. ಮೈಮೇಲೆ ಯಾವ ಜಾಗದಲ್ಲಿಡಬೇಕು, ಆಕಾರ ಮೈಯ ಬಾಗುವಿಕೆಗೆ ಹೇಗೆ ಹೊಂದಬೇಕು, ನಡೆಯುವಾಗ ತೊಡಕಾಗದಂತೆ ಹೇಗಿರಬೇಕು, ದಪ್ಪ ತೆಳ್ಳಗಿನ ಮೈಗಳಿಗೆಲ್ಲ ಅಳತೆ ಹೇಗೆ, ಕಾವು ಎಷ್ಟು, ಭಾರ ಎಲ್ಲಿ ಎಂದು ಅವು ವಿವರಿಸುತ್ತವೆ. ಕೊರಳಪಟ್ಟಿಯ ಸುತ್ತ, ತೋಳಿನ ಹಿಂಭಾಗ, ಮುಂಗೈ, ಪಕ್ಕೆ, ಸೊಂಟ, ತೊಡೆ, ಪಾದದ ಮೇಲ್ಭಾಗ ಇವು ವಸ್ತುವನ್ನಿಡಲು ತಕ್ಕ ಸ್ಥಾನಗಳೆಂದರು. ಇದನ್ನು ಓದಿದಾಗ ನಮ್ಮಲ್ಲಿಗೆ ಬಂದಿದ್ದ ಹಿರಿಯರ ಕೊರಳಲ್ಲಿ ತೂಗುತ್ತಿದ್ದ ಅಳತೆಯ ಟೇಪು ನೆನಪಾಯಿತು. ಯಾವ ಭುಜ ಇಳಿದಿದೆ, ಕುಳಿತಾಗ ಎಲ್ಲಿ ಬಿಗಿಯಾಗುತ್ತದೆ, ಬಟ್ಟೆಯನ್ನು ಕ್ರಾಸ್ ಕತ್ತರಿಸಿದರೆ ಹೇಗೆ ಇಳಿಬೀಳುತ್ತದೆ ಎಂಬುದನ್ನು ಅವರು ಕಣ್ಣಳತೆಯಲ್ಲೇ ಹೇಳಬಲ್ಲರು. ಮೊಬೈಲಿನಲ್ಲಿ ಕನ್ನಡಕವನ್ನು ಮುಖಕ್ಕೆ ಹೊಂದಿಸಿ ತೋರಿಸುವುದು ಸುಲಭ, ಏಕೆಂದರೆ ಚೌಕಟ್ಟು ಬಾಗುವುದಿಲ್ಲ. ಸೀರೆಯನ್ನು ಉಡಿಸಿ ತೋರಿಸುವುದು ಕಠಿಣ. ಹೆಜ್ಜೆಗೊಮ್ಮೆ ನೆರಿಗೆ ಅಲುಗುತ್ತದೆ, ಹತ್ತಿ ಒಂದು ಬಗೆಯಲ್ಲಿ ನಿಂತರೆ ರೇಷ್ಮೆ ಇನ್ನೊಂದು ಬಗೆಯಲ್ಲಿ ಜಾರುತ್ತದೆ. ಬಟ್ಟೆಯ ಈ ಸ್ವಭಾವವನ್ನು ಅರಿಯದ ಕಂಪ್ಯೂಟರ್ ಪಂಡಿತ ಅಲ್ಲಿ ಸೋಲುತ್ತಾನೆ.

ಮತ್ತೆ ಮ್ಯಾನ್ ಅವರ ಕಡೆಗೆ ಬರೋಣ. ಅವರು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಹಾಗೂ ಕಂಪ್ಯೂಟರ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿ ಐಟ್ಯಾಪ್ ಎಂಬ ಕನ್ನಡಕವನ್ನು ಬೆಳೆಸಿದರು. ಅದರ ತತ್ತ್ವ ಹೀಗಿದೆ. ಕಣ್ಣಿನ ಮುಂದೆ ಓರೆಯಾಗಿ ಒಂದು ಪುಟ್ಟ ಕನ್ನಡಿ. ಕಣ್ಣಿಗೆ ಬರಬೇಕಾದ ಬೆಳಕು ಆ ಕನ್ನಡಿಯಿಂದ ತಿರುಗಿ ಕ್ಯಾಮೆರಾಕ್ಕೆ ಹೋಗುತ್ತದೆ. ಕಂಪ್ಯೂಟರು ಅದನ್ನು ತಿದ್ದುತ್ತದೆ. ತಿದ್ದಿದ ಬೆಳಕನ್ನು ಇನ್ನೊಂದು ಬದಿಯಿಂದ ಅದೇ ಕೋನದಲ್ಲಿ ಕಣ್ಣಿಗೆ ಮರಳಿಸುತ್ತದೆ. ಹೀಗಾಗಿ ಕಣ್ಣೇ ಕ್ಯಾಮೆರಾ ಆದಂತಾಗುತ್ತದೆ. ಇದರಿಂದ ದೃಶ್ಯಕ್ಕೆ ಹೊಸತನ್ನು ಕೂಡಿಸಬಹುದು, ಬೇಡವಾದುದನ್ನು ಕಳೆಯಲೂಬಹುದು. ಬೀದಿಯ ಜಾಹೀರಾತು ಫಲಕವನ್ನು ಕಣ್ಣಿಂದ ಅಳಿಸಿಹಾಕುವ ಪ್ರಯೋಗವನ್ನೂ ಅವರು ಮಾಡಿದ್ದರು.

ಕನ್ನಡಿಗೆ ಇಷ್ಟೊಂದು ಶ್ರಮವೇಕೆ, ಕ್ಯಾಮೆರಾವನ್ನು ಕಣ್ಣಿನ ಪಕ್ಕದಲ್ಲಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದೆಂಬುದನ್ನು ಅವರು ತಮ್ಮ ಮೈಮೇಲೆಯೇ ಅನುಭವಿಸಿ ತಿಳಿದರು. ಕಣ್ಣಿನಿಂದ ಸರಿದ ಜಾಗದ ನೋಟವನ್ನೇ ಕಣ್ಣಿಗೆ ತುಂಬುತ್ತ ಹೋದರೆ ಮೆದುಳು ಮೊದಲು ಗೊಂದಲಗೊಂಡು, ಕ್ರಮೇಣ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕನ್ನಡಕ ತೆಗೆದ ಮೇಲೂ ಆ ಒಗ್ಗುವಿಕೆ ತಕ್ಷಣ ಬಿಡುವುದಿಲ್ಲ. ತಲೆಕೆಳಗಾಗಿ ತೋರಿಸುವ ಗಾಜನ್ನು ಧರಿಸಿ ದಿನಗಳನ್ನು ಕಳೆದ ಜಾರ್ಜ್ ಸ್ಟ್ರಾಟನ್ ಎಂಬ ಮನಃಶಾಸ್ತ್ರಜ್ಞರು 1890ರ ದಶಕದಲ್ಲಿಯೇ ಇದರ ಒಂದು ರೂಪವನ್ನು ಬರೆದಿಟ್ಟಿದ್ದರು. ಮಾರುಕಟ್ಟೆಗೆ ಬರುತ್ತಿರುವ ಕನ್ನಡಕಗಳು ಈ ಹಳೆಯ ಪಾಠವನ್ನು ಮರೆಯುತ್ತಿವೆ ಎಂದು ಮ್ಯಾನ್ 2013ರಲ್ಲಿ ಎಚ್ಚರಿಸಿದರು.

ಆ ಮಾರುಕಟ್ಟೆಯ ಕಥೆ ನಮ್ಮ ಗಾದೆಗೆ ಅತ್ಯುತ್ತಮ ಭಾಷ್ಯ. ಗೂಗಲ್ ಸಂಸ್ಥೆ 2012ರಲ್ಲಿ ಗ್ಲಾಸ್ ಎಂಬ ಕನ್ನಡಕವನ್ನು ಪ್ರಕಟಿಸಿತು. ಅದರ ತಾಂತ್ರಿಕ ನೇತೃತ್ವದಲ್ಲಿ ಜಾರ್ಜಿಯಾ ಟೆಕ್ ಸಂಸ್ಥೆಯ ಥ್ಯಾಡ್ ಸ್ಟಾರ್ನರ್ ಇದ್ದರು, ಅವರೂ ಎಂ.ಐ.ಟಿ.ಯಲ್ಲಿ ಓದಿ, 1993ರಿಂದ ಕಂಪ್ಯೂಟರ್ ಧರಿಸುತ್ತ ಬಂದ ಪ್ರಾಧ್ಯಾಪಕರು. ಫ್ಯಾಷನ್ನಿನ ಮಹತ್ವವನ್ನು ಸಂಸ್ಥೆ ಮರೆತಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಫ್ಯಾಷನ್ ಸಪ್ತಾಹದಲ್ಲಿ ಡಯಾನ್ ವಾನ್ ಫರ್ಸ್ಟೆನ್‌ಬರ್ಗ್ ಎಂಬ ಹೆಸರಾಂತ ವಿನ್ಯಾಸಕಿಯ ರೂಪದರ್ಶಿಯರು ಆ ಕನ್ನಡಕ ತೊಟ್ಟು ನಡೆದರು. ಮರುವರ್ಷ 1,500 ಡಾಲರ್ ಬೆಲೆಗೆ ಆಯ್ದವರಿಗೆ ಮಾರಾಟವೂ ಆಯಿತು. ಆದರೂ ಜನ ಅದನ್ನು ಸಹಿಸಲಿಲ್ಲ. ಎದುರಿಗೆ ಕುಳಿತವನು ನಮ್ಮೊಡನೆ ಮಾತನಾಡುತ್ತಿದ್ದಾನೆಯೋ, ನಮ್ಮ ಚಿತ್ರ ತೆಗೆಯುತ್ತಿದ್ದಾನೆಯೋ ಎಂಬುದು ತಿಳಿಯದೆ ಜನರು ಕಸಿವಿಸಿಗೊಂಡರು. ಕೆಲವು ಹೋಟೆಲುಗಳು ಅದನ್ನು ಧರಿಸಿ ಒಳಬರಬಾರದೆಂದವು. ಸಾರ್ವಜನಿಕರಿಗೆ ಮಾರಾಟ 2015ರ ಜನವರಿಯಲ್ಲಿ ನಿಂತಿತು. ಕಾರ್ಖಾನೆ, ಆಸ್ಪತ್ರೆಗಳಿಗೆಂದು ಉಳಿದಿದ್ದ ರೂಪದ ಮಾರಾಟವೂ 2023ರಲ್ಲಿ ಮುಗಿಯಿತು.

ಚೆಲುವಿನ ಕೊರತೆಯಿಂದ ಅದು ಸೋತಿತೆಂದು ನಮಗನ್ನಿಸುವುದಿಲ್ಲ. ಉಡುಗೆಯನ್ನು ಚಂದಗೊಳಿಸುವುದು ಒಂದು ಕೆಲಸ. ಎದುರಿನವರ ಮನಸ್ಸಿಗೆ ಅಭಯ ಕೊಡುವುದು ಇನ್ನೊಂದು ಕೆಲಸ. ಮೊದಲನೆಯದು ಆಗಿತ್ತು, ಎರಡನೆಯದು ಆಗಿರಲಿಲ್ಲ.

ಮ್ಯಾನ್ ಅವರೂ ಈ ನೋವನ್ನು ಉಂಡಿದ್ದಾರೆ. ಪ್ಯಾರಿಸ್ಸಿನ ಉಪಾಹಾರ ಗೃಹವೊಂದರಲ್ಲಿ 2012ರ ಜುಲೈನಲ್ಲಿ ಅಲ್ಲಿಯ ಸಿಬ್ಬಂದಿ ತಮ್ಮ ಕನ್ನಡಕವನ್ನು ಕಿತ್ತುಕೊಳ್ಳಲು ಯತ್ನಿಸಿದರೆಂದು ಅವರು ದೂರಿದರು. ಆ ಸಂಸ್ಥೆ ಅದನ್ನು ಅಲ್ಲಗಳೆಯಿತು. ಅವರ ವಾದದಲ್ಲಿಯೂ ನ್ಯಾಯವಿದೆ. ಅಂಗಡಿಯವರು ಚಾವಣಿಗೆ ಕ್ಯಾಮೆರಾ ಕಟ್ಟಿ ಗಿರಾಕಿಗಳನ್ನೆಲ್ಲ ನೋಡಬಹುದಾದರೆ, ಗಿರಾಕಿ ಮಾತ್ರ ಅಂಗಡಿಯನ್ನು ಏಕೆ ನೋಡಬಾರದು ಎಂದು ಅವರು ಕೇಳುತ್ತಾರೆ. ಮೇಲಿನಿಂದ ಕಾಯುವ ಕಣ್ಣಿಗೆ ಸರ್ವೇಲನ್ಸ್ ಎಂಬ ಹೆಸರಿದ್ದರೆ, ಕೆಳಗಿನಿಂದ ನೋಡುವ ಸಾಮಾನ್ಯನ ಕಣ್ಣಿಗೆ ಅವರು ಸೂವೇಲನ್ಸ್ ಎಂದು ಹೆಸರಿಟ್ಟರು. ಈ ಕುರಿತು ಅವರು ಸಂಗಡಿಗರೊಡನೆ 2003ರಲ್ಲಿ ಪ್ರಬಂಧವನ್ನೂ ಬರೆದರು. ಮರುವರ್ಷ ಒಂದು ಕಾರು ಅವರ ಮನೆಗೆ ಗುದ್ದಿ, ವಿಚಾರಿಸಲು ಹೊರಬಂದ ಅವರ ಕಾಲ ಮೇಲೆಯೇ ಹಾದುಹೋಯಿತು. ಚಿತ್ರಗಳನ್ನು ಉಳಿಸಿಕೊಳ್ಳದೆ ಅಳಿಸುತ್ತ ಹೋಗುವಂತೆ ರಚಿತವಾಗಿದ್ದ ಅವರ ಕನ್ನಡಕ, ಪೆಟ್ಟಿನಿಂದ ಕೆಟ್ಟುನಿಂತದ್ದರಿಂದಲೇ ಕಾರಿನ ಸಂಖ್ಯೆಯೂ ಚಾಲಕನ ಮುಖವೂ ಅದರಲ್ಲಿ ಉಳಿದವು, ಚಾಲಕ ಸಿಕ್ಕಿಬಿದ್ದ. ಒಂದೇ ವಸ್ತು ದುರ್ಬಲನಿಗೆ ಸಾಕ್ಷಿಯೂ ಆಗಬಲ್ಲುದು, ನೆರೆಯವನಿಗೆ ಭಯವೂ ಆಗಬಲ್ಲುದು.

ಆದರೆ ಒಂದು ಭೇದವನ್ನು ನಾವು ಮರೆಯಬಾರದು. ಚಾವಣಿಯ ಕ್ಯಾಮೆರಾಕ್ಕೆ ಎದುರು ನಿಲ್ಲುವುದು ಬೇರೆ, ಮನೆಯ ಪಡಸಾಲೆಯಲ್ಲಿ ಅತ್ತೆಯವರ, ಸೊಸೆಯ, ನೆರೆಮನೆಯ ಮಗುವಿನ ಎದುರು ಕೂರುವುದು ಬೇರೆ. ಅವರು ಯಾರೂ ನಮ್ಮನ್ನು ಕಾಯುವ ಕಾವಲುಗಾರರಲ್ಲ. ಇದು ದೂರದೇಶದ ಮಾತೆಂದು ಯಾರೂ ತಿಳಿಯದಿರಲಿ. ಕನ್ನಡಕ ತಯಾರಿಕೆಯ ಹಳೆಯ ಹೆಸರಾದ ರೇ-ಬ್ಯಾನ್ ಚೌಕಟ್ಟಿನಲ್ಲಿಯೇ ಕ್ಯಾಮೆರಾ ಹುದುಗಿಸಿ ಮೆಟಾ ಸಂಸ್ಥೆ 2021ರಿಂದ ಮಾರುತ್ತಿದೆ. ನೋಡಲು ಅದು ಸಾಮಾನ್ಯ ಕನ್ನಡಕವೇ. ಚಿತ್ರ ತೆಗೆಯುವಾಗ ಚೌಕಟ್ಟಿನಲ್ಲಿ ಒಂದು ಸಣ್ಣ ದೀಪ ಬೆಳಗುತ್ತದೆ, ಅಷ್ಟೇ. ಮ್ಯಾನ್ ಅವರ ಶಿರಸ್ತ್ರಾಣ ಕಂಡು ಜನ ಸರಿದು ಹೋಗಬಹುದಾಗಿತ್ತು. ಕಾಣದುದರಿಂದ ಸರಿಯುವುದು ಹೇಗೆ? ಯಂತ್ರ ಉಡುಗೆಯಲ್ಲಿ ಎಷ್ಟು ಚೆನ್ನಾಗಿ ಬೆರೆಯುತ್ತದೆಯೋ ಉಟ್ಟವರ ಹೊಣೆ ಅಷ್ಟು ಹೆಚ್ಚುತ್ತದೆ. ಆದುದರಿಂದ ಮದುವೆಯ ಮನೆಯಲ್ಲಾಗಲಿ, ಸ್ವಂತ ಅಡುಗೆಮನೆಯಲ್ಲಾಗಲಿ, ಇಂಥದನ್ನು ಧರಿಸುವ ಮಕ್ಕಳಿಗೆ ಹಿರಿಯರು ಇಷ್ಟು ಕಲಿಸಲಿ: ಮಾತಿಗೆ ಕುಳಿತಾಗ ತೆಗೆದಿಡಬೇಕು, ಚಿತ್ರ ತೆಗೆಯುವ ಮೊದಲು ಕೇಳಬೇಕು, ಬೇಡವೆಂದರೆ ಬೇಡವೇ ಸರಿ.

ಇನ್ನು ಆ ಮಗಳ ಪ್ರಶ್ನೆಗೆ ಉತ್ತರ. ತಾಯೀ, ಎರಡನ್ನೂ ಕೂಡಿಸಿ ಕಲಿಯಲು ಬರುತ್ತದೆ. ಅದಕ್ಕೆ ಒಂದು ನಿದರ್ಶನವನ್ನೂ ಹೇಳುತ್ತೇವೆ. ಲಿಯಾ ಬ್ಯೂಕ್ಲಿ ಎಂಬ ಅಮೆರಿಕದ ವಿದುಷಿ ಬಟ್ಟೆಗೆ ಹೊಲಿಯಬಹುದಾದ ಪುಟ್ಟ ಕಂಪ್ಯೂಟರ್ ಬಿಲ್ಲೆಯೊಂದನ್ನು ರೂಪಿಸಿದರು. ಅದು 2007ರಲ್ಲಿ ಲಿಲಿಪ್ಯಾಡ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. ಹೂವಿನ ದಳಗಳಂತೆ ಅದರ ಅಂಚಿಗೆ ರಂಧ್ರಗಳಿವೆ. ಸೂಜಿಗೆ ವಿದ್ಯುತ್ ಹರಿಯುವ ದಾರ ಪೋಣಿಸಿ ಹೊಲಿದರೆ ಸಾಕು. ಅದನ್ನು ಬಳಸಿ ಕೆಲಸ ಮಾಡಿ ಪ್ರಕಟಿಸಿದವರನ್ನು ಅವರು 2010ರಲ್ಲಿ ಸಂಗಡಿಗರೊಬ್ಬರೊಡನೆ ಅಧ್ಯಯನ ಮಾಡಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚಿನವರು ಹೆಣ್ಣುಮಕ್ಕಳಾಗಿದ್ದರು. ಅದೇ ಜಾತಿಯ, ಹೊಲಿಗೆಯಿಲ್ಲದ ಬಿಲ್ಲೆಯನ್ನು ಬಳಸಿದವರಲ್ಲಿ ಹೆಣ್ಣುಮಕ್ಕಳು ಅತಿ ವಿರಳ. ಸೂಜಿ ದಾರದ ದಾರಿ ತೆರೆದೊಡನೆ ಅವರು ಒಳಗೆ ಬಂದರು. ಬುದ್ಧಿ ಮೊದಲೇ ಇತ್ತು, ಅವರಿಗೆ ಪರಿಚಿತವಾದ ಬಾಗಿಲು ಇರಲಿಲ್ಲ.

ತಂದೆಯವರಲ್ಲಿಯೂ ನಮ್ಮ ಬಿನ್ನಹವಿದೆ. ತಮ್ಮ ಕಾಲ್ನೋವು ಮಗಳಿಗೆ ಬರಬಾರದೆಂಬ ತಮ್ಮ ಕಾಳಜಿ ದೊಡ್ಡದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ದೊರೆತ ಸೀಟನ್ನು ಬಿಡಿರೆಂದೂ ಹೇಳುವುದಿಲ್ಲ. ಅವಳು ಕಂಪ್ಯೂಟರನ್ನೇ ಓದಲಿ. ರಜೆಯಲ್ಲಿ ತಮ್ಮ ಅಂಗಡಿಯಲ್ಲಿ ಕುಳಿತು ಕತ್ತರಿ ಹಿಡಿಯಲಿ. ಅಥವಾ ವಸ್ತ್ರವಿನ್ಯಾಸವನ್ನೇ ಆರಿಸಿಕೊಂಡರೆ ಗಣಿತವನ್ನು ಬಿಡದಿರಲಿ. ಯಾವ ಬಾಗಿಲಿನಿಂದ ಹೊಕ್ಕರೂ ಇನ್ನೊಂದು ಬಾಗಿಲ ಚಿಲಕ ಹಾಕಬೇಡಿರಿ. ಉಕ್ಕಿನ ಊರಿನ ಒಬ್ಬ ತಾತ ಮೊಮ್ಮಗನಿಗೆ ವೆಲ್ಡಿಂಗ್ ಕಲಿಸಿದ್ದು ವಿಶ್ವವಿದ್ಯಾಲಯದ ಪೀಠಕ್ಕೆ ದಾರಿಯಾಯಿತು. ತಾವು ಕಲಿಸುವ ಹೊಲಿಗೆ ಯಾವುದಕ್ಕೆ ದಾರಿಯಾದೀತೆಂದು ಈಗಲೇ ಯಾರು ಹೇಳಬಲ್ಲರು? ಎದುರಿಗೆ ನಿಂತವರ ಮೈಯನ್ನೂ ಮನಸ್ಸನ್ನೂ ಅಳೆಯುವ ತಮ್ಮ ಕಣ್ಣು ಆ ಯಂತ್ರಗಳನ್ನು ಮಾಡುವವರಿಗೆ ಇನ್ನೂ ಪೂರ್ಣವಾಗಿ ದೊರೆತಿಲ್ಲ. ಅದು ತಮ್ಮ ಮಗಳಿಗೆ ಮನೆಯಲ್ಲಿಯೇ ದೊರೆತಿದೆ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಅವರಿಂದ ದೂರವಾಣಿ ಬಂತು. ಹುಡುಗಿ ಕಂಪ್ಯೂಟರ್ ಓದಲು ಸೇರಿದ್ದಾಳೆ. ಹೋಗುವಾಗ ಅಂಗಡಿಯ ಹಳೆಯ ಹೊಲಿಗೆ ಯಂತ್ರವನ್ನೂ ಕೊಂಡೊಯ್ಯುತ್ತೇನೆಂದು ಹಟ ಹಿಡಿದಿದ್ದಾಳಂತೆ. “ಹಾಸ್ಟೆಲಿನ್ಯಾಗ ಇಡಾಕ ಬಿಡ್ತಾರೋ ಇಲ್ಲೋ ಕೇಳಬೇಕ್ರಿ, ಗುರುಗಳ” ಎಂದು ತಂದೆಯವರು ನಕ್ಕರು. ಕೇಳಿ ನೋಡಿರಿ ಎಂದೆವು.